ಕಾಲು ತಗಸಾಕ ರೊಕ್ಕ ಐತಿ, ಉಳಸಾಕ ಇಲ್ಲೇನು? ಆರೋಗ್ಯ ವಿಮೆಯ ಲೆಕ್ಕ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಸಾಹೇಬರೇ, ನಮಸ್ಕಾರ.

ಯಾವ ಚಿಕಿತ್ಸೆಗೆ ವಿಮೆ ಕೊಡಬೇಕು, ಯಾವುದಕ್ಕೆ ಕೊಡಬಾರದು, ಕೊಟ್ಟರೆ ಎಷ್ಟು ಅಂತ ಕುಳಿತು ಬರೆಯುವವರು ಯಾರ್ಯಾರಿದ್ದೀರೋ ಅವರೆಲ್ಲರಿಗೂ ಈ ಪತ್ರ. ಬೆಂಗಳೂರಿನಲ್ಲಿ ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆಯ ಪ್ಯಾಕೇಜ್ ಪಟ್ಟಿ (ಯಾವ ಚಿಕಿತ್ಸೆಗೆ ಆಸ್ಪತ್ರೆಗೆ ಎಷ್ಟು ಅನ್ನುವ ಪಟ್ಟಿ) ನೋಡಿಕೊಳ್ಳುವವರು, ದಿಲ್ಲಿಯಲ್ಲಿ ಕೇಂದ್ರದ ಆಯುಷ್ಮಾನ್ ಭಾರತ ಯೋಜನೆಯ ದರ ಕಟ್ಟುವವರು, ಖಾಸಗಿ ಕಂಪನಿಗಳಿಗೆ ನಿಯಮ ಬರೆಯುವವರು, ಎಲ್ಲರೂ ಇದರಲ್ಲಿ ಬಂದಿರಿ. ಹೆಸರು ಹಿಡಿದು ಕರೆಯೋಣ ಅಂದರೆ ನೀವು ಯಾರೆಂದೇ ನಮಗೆ ಗೊತ್ತಿಲ್ಲ. ಅದೂ ಒಂದು ತಕರಾರೇ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಡಾಕ್ಟರ್ ಅಲ್ಲ. ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿಯ ಗುಮಾಸ್ತ. ಇಪ್ಪತ್ತೆರಡು ವರ್ಷದಿಂದ ರೈತರ ಪಟ್ಟಿ ಬರೆಯುತ್ತಿದ್ದೇನೆ. ಇಷ್ಟು ಚೀಲ, ಇಷ್ಟು ತೂಕ, ಇಷ್ಟು ದರ, ಹಮಾಲಿ ಕಳೆದು, ತೂಕದ ಕೂಲಿ ಕಳೆದು, ಕೈಗೆ ಇಷ್ಟು. ಹಾಗಾಗಿ ಲೆಕ್ಕ ಅಂದರೆ ನನಗೆ ಸಿಟ್ಟೂ ಇಲ್ಲ, ಹೆದರಿಕೆಯೂ ಇಲ್ಲ. ಜೀವಕ್ಕೆ ಬೆಲೆ ಕಟ್ಟುತ್ತೀರಾ ಅಂತ ಕೂಗಾಡಲು ಕುಳಿತವನೂ ನಾನಲ್ಲ. ಖಜಾನೆಯಲ್ಲಿ ಇರುವ ದುಡ್ಡು ಇಷ್ಟೇ, ಕಾಯಿಲೆ ಸಾವಿರ ಇವೆ, ಯಾರಾದರೂ ಒಬ್ಬರು ಬೆಲೆ ಕಟ್ಟಲೇಬೇಕು. ಕಟ್ಟಿ. ಆದರೆ ಅರ್ಧ ಪುಟ ಬರೆದು ಪುಸ್ತಕ ಮುಚ್ಚಬೇಡಿ.

ನಮ್ಮ ಕಾಕಾನ ವಿಷಯ ಹೇಳದೆ ಮುಂದೆ ಹೋಗಲಾರೆ. ಅಣ್ಣಿಗೇರಿ ಹತ್ತಿರ ಒಂದು ಹಳ್ಳಿ. ನಾಲ್ಕು ಎಕರೆ ಎರೆ ಹೊಲ, ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಒಂದು ತುಂಡಿನಲ್ಲಿ ಹತ್ತಿ. ಸಕ್ಕರೆ ಕಾಯಿಲೆ ಶುರುವಾಗಿ ಹನ್ನೆರಡು ವರ್ಷ. ಎರಡು ವರ್ಷದ ಹಿಂದೆ, ಹತ್ತಿ ಕಟ್ಟಿಗೆ ಕಡಿದ ಹೊಲದಲ್ಲಿ ಬರಿಗಾಲಲ್ಲಿ ಓಡಾಡುವಾಗ ಕೂಳೆ ಚುಚ್ಚಿತು. ಚುಚ್ಚಿದ್ದು ಕಾಕಾಗೆ ಗೊತ್ತೇ ಆಗಲಿಲ್ಲ. ಬಹಳ ವರ್ಷ ಸಕ್ಕರೆ ಇದ್ದವರಲ್ಲಿ ಎಷ್ಟೋ ಜನರಿಗೆ ಪಾದದ ನರ ಸತ್ತು ಹೋಗುತ್ತದೆ, ಮುಳ್ಳು ಚುಚ್ಚಿದರೂ ಬಿಸಿ ತಾಗಿದರೂ ತಿಳಿಯುವುದಿಲ್ಲ. ಸಂಜೆ ಕಾಲು ತೊಳೆಯುವಾಗ ಬಚ್ಚಲಲ್ಲಿ ಕೆಂಪು ನೀರು ಹರಿದದ್ದು ನೋಡಿ ಕಾಕಿ ಚೀರಿದಳು, ಆವಾಗ ಗೊತ್ತಾಯಿತು.

ಅಲ್ಲಿಂದ ನಾಲ್ಕು ತಿಂಗಳು ಹುಬ್ಬಳ್ಳಿಗೆ ಓಡಾಟ. ವಾರಕ್ಕೆ ಎರಡು ಸಲ ಡ್ರೆಸ್ಸಿಂಗ್. ಆಸ್ಪತ್ರೆಯ ಹೆಸರು ಬೇಡ, ಅಲ್ಲಿನ ಡಾಕ್ಟರ್ ತಪ್ಪೂ ಏನಿರಲಿಲ್ಲ, ಮೊದಲ ದಿನವೇ ಸರಿಯಾಗಿ ಹೇಳಿದ್ದರು: ಈ ಪಾದದ ಮೇಲೆ ಭಾರ ಹಾಕಬೇಡಿ, ಮೆತ್ತನೆಯ ಅಡಿಯ ಚಪ್ಪಲಿ ಮಾಡಿಸಿ, ದಿನಾ ಗಾಯ ತೊಳೆಸಿ, ಇನ್ಸುಲಿನ್ ತಪ್ಪಿಸಬೇಡಿ. ಹೇಳಿದ್ದು ನಾಲ್ಕೇ ಮಾತು. ನಾಲ್ಕಕ್ಕೂ ದುಡ್ಡು ಬೇಕು.

ಚಟ ಬಿಡುತ್ತದೆಯೇ, ನಾನು ಹಳೆ ಪಟ್ಟಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಎಲ್ಲ ಬರೆದಿಟ್ಟೆ. ಒಟ್ಟು 32 ಸಲ ಬಂದು ಹೋದರು. ಪ್ರತಿ ಸಲ ಕಾಕಾನ ಬಸ್ಸಿಗೆ 100, ಆಟೋಗೆ 120, ಡ್ರೆಸ್ಸಿಂಗಿಗೆ 200, ಚಹಾ ನಾಷ್ಟಾ 60. ಕಾಕಿಗೆ ಟಿಕೆಟ್ ಇಲ್ಲ, ಶಕ್ತಿ ಯೋಜನೆ, ಅದೊಂದು ಪುಣ್ಯ. ಆದರೆ ಕಾಕಿ ಬಂದ ದಿನ 300 ರೂಪಾಯಿ ಕೂಲಿ ಹೋಯಿತು, ಅದನ್ನೂ ಬರೆದೆ, 9,600. ಓಡಾಟ ಮತ್ತು ಡ್ರೆಸ್ಸಿಂಗ್ 15,360. ಗುಳಿಗೆ, ಇಂಜೆಕ್ಷನ್ 11,000. ಇನ್ಸುಲಿನ್ ಮತ್ತು ಸಕ್ಕರೆ ನೋಡುವ ಪಟ್ಟಿ ಸೇರಿ ನಾಲ್ಕು ತಿಂಗಳಿಗೆ 5,600. ಕೂಡಿಸಿದರೆ 41,560 ರೂಪಾಯಿ. ಇದರಲ್ಲಿ ಬಿಪಿಎಲ್ ಕಾರ್ಡಿನಿಂದ ಬಂದದ್ದು ಸೊನ್ನೆ. ಯಾಕೆಂದರೆ ಕಾಕಾ ದಾಖಲಾಗಿರಲಿಲ್ಲ, ಬಂದು ಹೋಗುವ ರೋಗಿ.

ಮೂರನೇ ತಿಂಗಳಿಗೆ ದುಡ್ಡು ಮುಗಿಯಿತು. ವಾರಕ್ಕೆ ಎರಡು ಇದ್ದದ್ದು ಕೆಲವು ವಾರ ಒಂದೇ ಸಲ ಆಯಿತು, ನನಗೆ ಹೇಳಲಿಲ್ಲ, ನಾಚಿಕೆ. ಗಾಯ ಎಲುಬಿಗೆ ಇಳಿಯಿತು. ಕೊನೆಗೆ ದಾಖಲು ಮಾಡಿಕೊಂಡು ಮೊಣಕಾಲಿನ ಕೆಳಗೆ ಕತ್ತರಿಸಿದರು. ಅದು ಮಾತ್ರ ಉಚಿತ! ಬಿಪಿಎಲ್ ಕಾರ್ಡ್ ತೋರಿಸಿದೆವು, ಹೆಬ್ಬೆಟ್ಟು ಒತ್ತಿದರು, ಒಂದು ಪೈಸೆ ಕೇಳಲಿಲ್ಲ. ವಾರ್ಡಿನಲ್ಲಿ ಮಲಗಿದ್ದ ಕಾಕಾ ಮೂರನೇ ದಿನ ನನ್ನನ್ನು ಕರೆದು ಕೇಳಿದ:

"ತಮ್ಮಾ, ನೀ ಲೆಕ್ಕಾ ಬರಿಯಾಂವ. ನನಗೊಂದು ಹೇಳು. ಕಾಲು ತಗಸಾಕ ರೊಕ್ಕ ಐತಿ ಸರಕಾರದಾಗ, ಉಳಸಾಕ ಇಲ್ಲೇನು?"

ನನಗೆ ಉತ್ತರ ಬರಲಿಲ್ಲ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಆಮೇಲೆ ನಾನು ಓದಲು ಶುರು ಮಾಡಿದೆ. ನಿಮ್ಮ ನಿಯಮದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡ 30, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಒಳಗೆ. ಆಯುಷ್ಮಾನ್ ಯೋಜನೆಯಲ್ಲಿ ದಾಖಲಾಗುವ ಮೊದಲಿನ 3 ದಿನದ ಖರ್ಚು, ಬಿಡುಗಡೆ ಆದ ಮೇಲೆ 15 ದಿನದ ಔಷಧಿ ಕೂಡ ಸೇರಿದೆ. ಒಳ್ಳೆಯದೇ. ಆದರೆ ಸಕ್ಕರೆ ಗಾಯ ಮೂರು ದಿನದಲ್ಲಿ ಆಗುವುದಲ್ಲ, ಹದಿನೈದು ದಿನದಲ್ಲಿ ಮಾಯುವುದೂ ಅಲ್ಲ. ಕಾಕಾನ ಗಾಯಕ್ಕೆ ನಾಲ್ಕು ತಿಂಗಳು ಸಮಯ ಇತ್ತು. ಆ ನಾಲ್ಕು ತಿಂಗಳು ನಿಮ್ಮ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಮಂಚ ಹತ್ತಿದ ದಿನದಿಂದ ನಿಮ್ಮ ಲೆಕ್ಕ ಶುರು, ಮಂಚ ಇಳಿದ ಹದಿನೈದನೇ ದಿನಕ್ಕೆ ಮುಗಿಯಿತು. ಇದನ್ನೇ ನಾನು ಅರ್ಧ ಪುಟ ಅಂದದ್ದು.

ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಳ್ಳುವವರಲ್ಲಿ ನೂರಕ್ಕೆ ಸುಮಾರು 85 ಜನರಿಗೆ ಮೊದಲು ಬರುವುದು ಪಾದದ ಒಂದು ಹುಣ್ಣು ಅಂತ ಡಾಕ್ಟರುಗಳ ಪುಸ್ತಕವೇ ಹೇಳುತ್ತದೆ. ಅಂದರೆ ಹೆಚ್ಚಿನವರಿಗೆ ಮುನ್ಸೂಚನೆ ಸಿಕ್ಕೇ ಸಿಗುತ್ತದೆ, ಮಳೆಗೆ ಮುಂಚೆ ಮೋಡ ಬಂದ ಹಾಗೆ. ನರ ಸತ್ತಿದೆಯೋ ಇಲ್ಲವೋ ನೋಡಲು ಬೇಕಾದದ್ದು 10 ಗ್ರಾಂ ಒತ್ತಡಕ್ಕೆ ಬಾಗುವ ಒಂದು ನೈಲಾನ್ ಎಳೆ. ಪಾದಕ್ಕೆ ಒತ್ತಿ, ಗೊತ್ತಾಯಿತಾ ಅಂತ ಕೇಳಬೇಕು, ಅಷ್ಟೇ ಪರೀಕ್ಷೆ. ಆಶಾ ಕಾರ್ಯಕರ್ತೆಯರಿಗೆ ಕಲಿಸಿದರೆ ಅವರೂ ಮಾಡಬಹುದು. ಈಗ ಮನೆ ಬಾಗಿಲಿಗೆ ಬಂದು ಬಿಪಿ, ಸಕ್ಕರೆ ನೋಡುವ ಗೃಹ ಆರೋಗ್ಯ ಯೋಜನೆ ಬಂದಿದೆ, ಸಂತೋಷ, ನಮ್ಮ ಹಳ್ಳಿಯಲ್ಲಿ ಬೆರಳು ಚುಚ್ಚಿ ಸಕ್ಕರೆ ನೋಡುತ್ತಾರೆ. ಚಪ್ಪಲಿ ಬಿಚ್ಚಿಸಿ ಪಾದ ನೋಡಿದ್ದನ್ನು ಮಾತ್ರ ನಾನು ಕಂಡಿಲ್ಲ.

ಈಗ ನಿಮ್ಮ ಲೆಕ್ಕದ ವಿದ್ಯೆಗೆ ಬರೋಣ. ಅದನ್ನು ನಾನು ನನ್ನ ಭಾಷೆಯಲ್ಲೇ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ.

ನಮ್ಮ ಕಡೆ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತದೆ. ಅಲ್ಲಿ ಬರೀ ತೂಕಕ್ಕೆ ದರ ಇಲ್ಲ. ಕಡ್ಡಿ ತಳಿ ಇರಲಿ, ಡಬ್ಬಿ ತಳಿ ಇರಲಿ, ಖರೀದಿದಾರ ಮೊದಲು ನೋಡುವುದು ಬಣ್ಣ. ಇಬ್ಬರು ರೈತರು ಒಂದೊಂದು ಕ್ವಿಂಟಲ್ ತಂದಿರುತ್ತಾರೆ, ತೂಕ ಒಂದೇ, ಒಬ್ಬನ ಪಟ್ಟಿ ಇನ್ನೊಬ್ಬನ ಎರಡು ಪಟ್ಟು ಆದರೂ ಆದೀತು. ಚಿಕಿತ್ಸೆಗೆ ಬೆಲೆ ಕಟ್ಟುವವರೂ ಇದನ್ನೇ ಮಾಡುತ್ತಾರೆ. ಚಿಕಿತ್ಸೆಯಿಂದ ಎಷ್ಟು ವರ್ಷ ಸಿಕ್ಕಿತು ಅನ್ನುವುದು ತೂಕ. ಆ ವರ್ಷಗಳು ಹೇಗೆ ಕಳೆದವು ಅನ್ನುವುದು ಬಣ್ಣ. ಪೂರ್ತಿ ಆರೋಗ್ಯದ ಒಂದು ವರ್ಷಕ್ಕೆ ಅಂಕ 1, ಸಾವಿಗೆ 0, ನೋವಿನಲ್ಲಿ ಹಾಸಿಗೆ ಹಿಡಿದ ವರ್ಷಕ್ಕೆ ನಡುವಿನದೊಂದು ಅಂಕ. ಎರಡನ್ನೂ ಗುಣಿಸಿದರೆ ಬರುವುದಕ್ಕೆ ಕ್ವಾಲಿ ಅನ್ನುತ್ತಾರೆ, ಅಂದರೆ ಗುಣಮಟ್ಟ ಸೇರಿಸಿದ ಬದುಕಿನ ವರ್ಷ.

ಬಣ್ಣ ನೋಡುವುದು ಹೇಗೆ? ಐದು ಪ್ರಶ್ನೆ ಕೇಳುತ್ತಾರೆ. ನಡೆದಾಡಲು ಆಗುತ್ತದಾ? ಸ್ನಾನ, ಬಟ್ಟೆ ನೀವೇ ಮಾಡಿಕೊಳ್ಳುತ್ತೀರಾ? ದಿನದ ಕೆಲಸ ನಡೆಯುತ್ತದಾ? ನೋವು ಎಷ್ಟಿದೆ? ಆತಂಕ, ಬೇಸರ ಎಷ್ಟಿದೆ? ನಮ್ಮ ದೇಶದ ಜನ ಈ ಐದಕ್ಕೆ ಎಷ್ಟೆಷ್ಟು ಬೆಲೆ ಕೊಡುತ್ತಾರೆ ಅಂತ ಸಾವಿರಾರು ಜನರನ್ನು ಎದುರಿಗೆ ಕೂರಿಸಿ ಕೇಳಿ, ಚಂಡೀಗಢದ ಪಿಜಿಐ ನವರು ಮುಂದಾಳತ್ವ ವಹಿಸಿ, 2022ರಲ್ಲಿ ಭಾರತದ್ದೇ ಅಂಕಪಟ್ಟಿ ಹೊರತಂದರು. ಅದಕ್ಕೂ ಮೊದಲು ಬೇರೆ ದೇಶದ ಅಂಕ ಎರವಲು ತಂದು ನಮಗೆ ಬಡಿಯುತ್ತಿದ್ದರು. ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವವನ ಮೊಣಕಾಲಿಗೂ ಕುರ್ಚಿಯಲ್ಲೇ ಬದುಕುವವನ ಮೊಣಕಾಲಿಗೂ ಒಂದೇ ಅಂಕ ಕೊಟ್ಟರೆ ಹೇಗಪ್ಪಾ?

ಇಂಗ್ಲೆಂಡಿನಲ್ಲಿ 1999ರಿಂದ ನೈಸ್ ಅನ್ನುವ ಸಂಸ್ಥೆ ಈ ಕೆಲಸ ಮಾಡುತ್ತಿದೆ. ಒಂದು ಕ್ವಾಲಿಗೆ 20 ಸಾವಿರದಿಂದ 30 ಸಾವಿರ ಪೌಂಡ್ ಒಳಗೆ ಬಂದರೆ ಸರಿ, ಮೇಲೆ ಹೋದರೆ ಬೇರೆ ಕಾರಣ ತೋರಿಸು ಅಂತ ಬಹಳ ವರ್ಷ ನಡೆಸಿಕೊಂಡು ಬಂದರು. ನಮ್ಮಲ್ಲೂ ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯ ಕೆಳಗೆ 2017ರಲ್ಲಿ ಇಂಥದ್ದೇ ಒಂದು ವ್ಯವಸ್ಥೆ ಮಾಡಿದ್ದಾರೆ, ಆರೋಗ್ಯ ತಂತ್ರಜ್ಞಾನ ಮೌಲ್ಯಮಾಪನ ಅಂತ ಉದ್ದದ ಹೆಸರು. ಕಣ್ಣಿನ ಪೊರೆಗೆ ಯಾವ ಲೆನ್ಸ್ ಹಾಕಿದರೆ ಕೊಟ್ಟ ದುಡ್ಡಿಗೆ ಹೆಚ್ಚು ಲಾಭ ಅಂತ ಲೆಕ್ಕ ಹಾಕಿದ್ದು ಅವರ ಮೊದಮೊದಲ ಕೆಲಸ. ಸಣ್ಣ ಕೊಯ್ತದ ಸಾದಾ ಆಪರೇಷನ್, ಗಟ್ಟಿ ಲೆನ್ಸ್, ಇದೇ ದುಡ್ಡಿಗೆ ತಕ್ಕದ್ದು ಅಂತ ಬಂತು. ಯಂತ್ರದ ಆಪರೇಷನ್, ಮಡಚುವ ಲೆನ್ಸ್ ಇದಕ್ಕಿಂತ ಎಷ್ಟೋ ದುಬಾರಿ. ನಮ್ಮ ಅಂಗಡಿ ಮಾಲೀಕರು ಮಡಚುವುದನ್ನೇ ಹಾಕಿಸಿಕೊಂಡರು, ನಮ್ಮ ಅವ್ವ ಗಟ್ಟಿಯದು. ಇಬ್ಬರೂ ಪೇಪರ್ ಓದುತ್ತಾರೆ.

ಹೀಗಾಗಿ ಈ ವಿದ್ಯೆ ಬಡವರ ಶತ್ರು ಅಂತ ನಾನು ಒಪ್ಪುವುದಿಲ್ಲ. ಸರಿಯಾಗಿ ಬಳಸಿದರೆ ಬಡವರಿಗೇ ಜಾಸ್ತಿ ಉಪಯೋಗ. ಹಾಗಾದರೆ ಕಾಕಾನ ಕಾಲಿಗೆ ಬಳಸಿ ನೋಡೋಣ.

ಅಂಕಗಳು ನನ್ನ ಊಹೆ, ಮೊದಲೇ ಹೇಳಿಬಿಡುತ್ತೇನೆ. ಸಕ್ಕರೆ ಇದ್ದರೂ ಎರಡು ಕಾಲಿರುವವನ ವರ್ಷಕ್ಕೆ 0.8 ಅನ್ನಿ, ಒಂದು ಕಾಲಿನವನಿಗೆ 0.6. ವ್ಯತ್ಯಾಸ 0.2. ಇನ್ನು ಹತ್ತು ವರ್ಷ ಬದುಕುತ್ತಾನೆ ಅಂದರೆ 2 ಕ್ವಾಲಿ. ನಾಳೆ ಸಿಗುವುದಕ್ಕೆ ಇವತ್ತು ಸಿಗುವುದಕ್ಕಿಂತ ಬೆಲೆ ಕಡಿಮೆ, ಹಾಗಾಗಿ ಮುಂದಿನ ವರ್ಷಗಳ ಲಾಭವನ್ನು ವರ್ಷಕ್ಕೆ ನೂರಕ್ಕೆ 3 ರಂತೆ ಕಡಿಮೆ ಮಾಡಬೇಕು ಅನ್ನುವುದು ನಿಮ್ಮ ಪದ್ಧತಿ (ನಮ್ಮ ಹಳ್ಳಿಯಲ್ಲಿ ಕೈಸಾಲಕ್ಕೆ ತಿಂಗಳಿಗೇ ನೂರಕ್ಕೆ 2, ನೀವೇ ವಾಸಿ). ಆ ಪ್ರಕಾರ 1.7 ಉಳಿಯಿತು. ಈಗ ಪಾದದ ಹುಣ್ಣಿನ ಒಬ್ಬ ರೋಗಿಗೆ ಡ್ರೆಸ್ಸಿಂಗ್, ಚಪ್ಪಲಿ, ಔಷಧಿ, ಬಸ್ಸು ಎಲ್ಲ ಸೇರಿ ಸರಕಾರ 20,000 ಕೊಟ್ಟಿತು ಅನ್ನಿ. ಎಲ್ಲರ ಕಾಲೂ ಉಳಿಯುವುದಿಲ್ಲ, ಕೆಲವರದು ಏನು ಮಾಡದಿದ್ದರೂ ಮಾಯುತ್ತದೆ. ಬಹಳ ಬಿಗಿಯಾಗಿ ಹಿಡಿಯೋಣ: ಹತ್ತು ಜನಕ್ಕೆ ಕೊಟ್ಟರೆ ಒಬ್ಬನ ಕಾಲು ಹೆಚ್ಚಿಗೆ ಉಳಿಯಿತು. ಹತ್ತು ಜನಕ್ಕೆ 2 ಲಕ್ಷ, ಸಿಕ್ಕಿದ್ದು 1.7 ಕ್ವಾಲಿ. ಒಂದು ಕ್ವಾಲಿಗೆ ಬಿದ್ದದ್ದು 1 ಲಕ್ಷ 18 ಸಾವಿರದ ಹತ್ತಿರ. ನಮ್ಮ ದೇಶದಲ್ಲಿ ಒಂದು ಕ್ವಾಲಿಗೆ ತಲಾ ಜಿಡಿಪಿಯಷ್ಟು (ದೇಶದ ಒಂದು ವರ್ಷದ ಒಟ್ಟು ಉತ್ಪನ್ನವನ್ನು ತಲೆಗೆ ಹಂಚಿದರೆ ಬರುವಷ್ಟು) ಖರ್ಚಾದರೆ ಒಪ್ಪಬಹುದು ಅಂತ ಸಾಮಾನ್ಯವಾಗಿ ಹಿಡಿಯುತ್ತಾರೆ, ಆ ತಲಾ ಜಿಡಿಪಿ 2 ಲಕ್ಷ ದಾಟಿ ಆಗಿದೆ. ಕಾಲು ಉಳಿದದ್ದರಿಂದ ತಪ್ಪಿದ ಆಪರೇಷನ್ ಖರ್ಚನ್ನು ನಾನಿನ್ನೂ ಕಳೆದಿಲ್ಲ. ಕಾಕಿಯ ಕೂಲಿ ಹಿಡಿದಿಲ್ಲ. ಕಾಲು ಹೋದ ಮೇಲೆ ಬೇರೆಯವರಿಗೆ ಲಾವಣಿಗೆ (ಗೇಣಿಗೆ) ಹಾಕಿದ ಹೊಲ ಹಿಡಿದಿಲ್ಲ. ಹಿಡಿದರೆ ಇನ್ನೂ ಅಗ್ಗ ಬೀಳುತ್ತದೆ.

ಕಾಕಾನ ಕಾಲು ಖಂಡಿತ ಉಳಿಯುತ್ತಿತ್ತು ಅಂತ ಆಣೆ ಮಾಡಿ ಹೇಳಲಾರೆ. ಆ ಮನುಷ್ಯ ಬೀಡಿ ಕೂಡ ಬಿಟ್ಟಿರಲಿಲ್ಲ. ಗುಮಾಸ್ತನೊಬ್ಬ ಚಹಾ ಕುಡಿಯುತ್ತಾ ಹಾಕಿದ ಲೆಕ್ಕ ಇದು, ತಪ್ಪಿರಬಹುದು. ಹಾಗಾದರೆ ಸರಿಯಾದದ್ದು ನೀವು ಹಾಕಿ ತೋರಿಸಿ. ನಿಮ್ಮ ಹತ್ತಿರ ಕಂಪ್ಯೂಟರ್ ಇದೆ, ಕ್ಲೇಮ್ ಮಾಹಿತಿ ಇದೆ, ಧಾರವಾಡ, ಗದಗ, ಹಾವೇರಿ ಮೂರು ಜಿಲ್ಲೆಯಲ್ಲಿ ಒಂದು ವರ್ಷಕ್ಕೆ ಎಷ್ಟು ಕಾಲು ಕತ್ತರಿಸಲು ದುಡ್ಡು ಕೊಟ್ಟಿರಿ ಅನ್ನುವುದು ಒಂದು ಬಟನ್ ಒತ್ತಿದರೆ ಬರಬೇಕು.

ಖಾಸಗಿ ವಿಮೆಯವರನ್ನು ನಾನು ಅಷ್ಟು ಬೈಯುವುದಿಲ್ಲ. ನನ್ನದೂ ಒಂದು ಪಾಲಿಸಿ ಇದೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ತೆಗೆದಿದ್ದಾರೆ, ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿಯನ್ನು 2024ರಲ್ಲಿ 4 ವರ್ಷದಿಂದ 3ಕ್ಕೆ ಇಳಿಸಿದ್ದಾರೆ. ಆದರೆ ಅದರ ಸ್ವಭಾವವೇ ವರ್ಷದ ವ್ಯಾಪಾರ. ಈ ವರ್ಷ ನನ್ನ ಸಕ್ಕರೆ ಹತೋಟಿಗೆ ಅವರು ದುಡ್ಡು ಹಾಕಿದರೆ ಅದರ ಲಾಭ ಹತ್ತು ವರ್ಷದ ನಂತರ, ಅಷ್ಟರಲ್ಲಿ ನಾನು ಬೇರೆ ಕಂಪನಿಗೆ ಹೋಗಿರುತ್ತೇನೆ. ಬೇರೆಯವನ ಹೊಲಕ್ಕೆ ಯಾರು ಗೊಬ್ಬರ ಹಾಕುತ್ತಾರೆ? ಸರಕಾರಕ್ಕೆ ಈ ನೆಪ ಇಲ್ಲ. ಆರೋಗ್ಯ ಕರ್ನಾಟಕದಲ್ಲಿ ನಡುವೆ ವಿಮಾ ಕಂಪನಿಯೇ ಇಲ್ಲ, ಸರಕಾರದ ಟ್ರಸ್ಟೇ ನೇರವಾಗಿ ಆಸ್ಪತ್ರೆಗೆ ಕೊಡುತ್ತದೆ. ಇವತ್ತಿನ ಕಾಕಾನೂ ನಿಮ್ಮವನೇ, ಹತ್ತು ವರ್ಷದ ನಂತರದ ಕಾಕಾನೂ ನಿಮ್ಮವನೇ. ಕಾಲು ಹೋದರೆ ನೀವೇ ಕೊಡಬೇಕು, ಕಿಡ್ನಿ ಹೋದರೆ ಡಯಾಲಿಸಿಸ್ ನೀವೇ ಕೊಡಬೇಕು, ಅಂಗವಿಕಲರ ಮಾಸಾಶನವೂ ಸರಕಾರದ್ದೇ. ಎಲ್ಲ ಒಂದೇ ಜೇಬು. ಹೊಲ ನಿಮ್ಮದು, ಬೆಳೆ ನಿಮ್ಮದು, ಗೊಬ್ಬರಕ್ಕೆ ಮಾತ್ರ ದುಡ್ಡಿಲ್ಲ ಅನ್ನುತ್ತೀರಿ.

ಬರೀ ದೂರು ಹೇಳಿದರೆ ಸುಳ್ಳು ಹೇಳಿದ ಹಾಗಾಗುತ್ತದೆ. ಈ ಯೋಜನೆಗಳಿಂದ ಜೀವ ಉಳಿದಿಲ್ಲ ಅನ್ನುವವನು ನಾನಲ್ಲ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ, ಅಂದರೆ ಬಡವರ ದೊಡ್ಡ ಕಾಯಿಲೆಗಳಿಗೆ ರಾಜ್ಯದ ಉಚಿತ ಚಿಕಿತ್ಸೆ ಯೋಜನೆ, ಶುರುವಾದಾಗ ಮೊದಲು ಕೊಟ್ಟದ್ದು ನಮ್ಮ ಉತ್ತರದ ಜಿಲ್ಲೆಗಳಿಗೆ. ಗಡಿಯ ಈಚೆ ಯೋಜನೆ ಇತ್ತು, ಆಚೆ ದಕ್ಷಿಣದ ಹಳ್ಳಿಗಳಿಗೆ ಇನ್ನೂ ಬಂದಿರಲಿಲ್ಲ. ಹೊಲ ಒಂದೇ, ಜನ ಒಂದೇ, ನಡುವೆ ಕಾಗದದ ಗೆರೆ. ಸಂಶೋಧಕರು ಎರಡೂ ಕಡೆ ಹೋಗಿ ಲೆಕ್ಕ ಹಾಕಿದರು, ಹೃದಯ, ಕ್ಯಾನ್ಸರ್ ಮೊದಲಾದ, ಯೋಜನೆಯಿಂದ ತಪ್ಪಿಸಬಹುದಾದ ಸಾವು ಈಚೆ ಬಡ ಕುಟುಂಬಗಳಲ್ಲಿ ಶೇಕಡ 0.32, ಆಚೆ 0.90. ಇದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ನಮ್ಮ ಕಡೆಯ ಜನರ ಬದುಕಿನಲ್ಲೇ ಸಾಬೀತಾದ ಲೆಕ್ಕ ಇದು, ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಯಾರೂ ಕನ್ನಡದಲ್ಲಿ ಕೂರಿಸಿಕೊಂಡು ಹೇಳಲಿಲ್ಲ.

ಹಾಗೇ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ. ಎದೆನೋವು ಅಂತ ತಾಲೂಕು ಆಸ್ಪತ್ರೆಗೆ ಬಂದರೆ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಗೆ ಕಳಿಸಿ, ಅಲ್ಲಿಯವರು ನೋಡಿ ಹೌದು ಅಂದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಅಲ್ಲೇ ಉಚಿತ. ನೋಡಿ, ಇಲ್ಲಿ ನಿಮಗೇ ಅರ್ಥ ಆಗಿದೆ: ಹುಬ್ಬಳ್ಳಿಗೆ ಬಂದು ಮಂಚ ಹತ್ತುವ ತನಕ ಕಾದರೆ ಹೃದಯದ ಮಾಂಸ ಸತ್ತು ಹೋಗುತ್ತದೆ, ಮೊದಲೇ ಖರ್ಚು ಮಾಡುವುದೇ ಲಾಭ. ಹೃದಯಕ್ಕೆ ಗಂಟೆಯ ಲೆಕ್ಕ, ಪಾದಕ್ಕೆ ತಿಂಗಳ ಲೆಕ್ಕ. ಬುದ್ಧಿ ಒಂದೇ ಅಲ್ವಾ?

ಬಂದು ಹೋಗುವ ರೋಗಿಗಳಿಗೆಲ್ಲ ಕೊಟ್ಟರೆ ಖಜಾನೆ ಬರಿದಾಗುತ್ತದೆ, ಸಣ್ಣ ಸಣ್ಣ ಬಿಲ್ಲು ಲಕ್ಷಗಟ್ಟಲೆ ಬರುತ್ತವೆ, ಸುಳ್ಳು ಬಿಲ್ಲು ಹಿಡಿಯುವವರು ಯಾರು ಅಂತ ನೀವು ಕೇಳುತ್ತೀರಿ. ಸರಿಯಾದ ಪ್ರಶ್ನೆ. ಎಪಿಎಂಸಿಯಲ್ಲಿ ಇದ್ದವನಿಗೆ ಸುಳ್ಳು ಬಿಲ್ಲಿನ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. ಎಲ್ಲಕ್ಕೂ ಕೊಡಿ ಅಂತ ನಾನು ಕೇಳುತ್ತಿಲ್ಲ, ನೆಗಡಿಗೆ ಯಾರು ವಿಮೆ ಕೇಳಿದರು. ಹುಣ್ಣಿನ ಫೋಟೋ ತೆಗೆಯಬಹುದು, ಅಳತೆ ಬರೆಯಬಹುದು, ಮೂರು ತಿಂಗಳಿಗೆ ಇಷ್ಟು ಅಂತ ಒಂದೇ ಪ್ಯಾಕೇಜ್ ಮಾಡಿ, ಗಾಯ ಮಾಯ್ದರೆ ಆಸ್ಪತ್ರೆಗೆ ಪೂರ್ತಿ ದುಡ್ಡು. ನಮ್ಮ ಮೂರು ಜಿಲ್ಲೆಯಲ್ಲಿ ಎರಡು ವರ್ಷ ಮಾಡಿ ನೋಡಿ. ಕತ್ತರಿಸುವ ಕಾಲು ಕಡಿಮೆಯಾಗದಿದ್ದರೆ ನಿಲ್ಲಿಸಿ, ನಾನೇ ಇನ್ನೊಂದು ಪತ್ರ ಬರೆದು ತಪ್ಪಾಯಿತು ಅನ್ನುತ್ತೇನೆ.

ಥೈಲ್ಯಾಂಡ್ ಶ್ರೀಮಂತ ದೇಶ ಏನಲ್ಲದ ಕಾಲದಲ್ಲೇ, 2002ರಲ್ಲಿ, ಒಂದು ಸಲಕ್ಕೆ 30 ಬಾತ್ ಅಂತ ಶುರು ಮಾಡಿ ಬಂದು ಹೋಗುವ ರೋಗಿಗಳನ್ನೂ ಸೇರಿಸಿತು. ಅವರ ಡಯಾಲಿಸಿಸ್ ಕಥೆ ನನಗೆ ಬಹಳ ಇಷ್ಟ. ಲೆಕ್ಕ ಹಾಕಿದರೆ ಡಯಾಲಿಸಿಸ್ ಅವರ ಮಿತಿಯೊಳಗೆ ಬರಲಿಲ್ಲ, ದುಬಾರಿ ಅಂತ ಉತ್ತರ ಬಂತು. ಆದರೂ 2008ರಲ್ಲಿ ಸೇರಿಸಿದರು, ಯಾಕೆಂದರೆ ಮನೆಗಳು ದಿವಾಳಿ ಆಗುತ್ತಿದ್ದವು. ಸೇರಿಸಿದ್ದು ಸುಮ್ನೆ ಅಲ್ಲ, ಮೊದಲು ಹೊಟ್ಟೆಯ ಮೂಲಕ ಮನೆಯಲ್ಲೇ ಮಾಡಿಕೊಳ್ಳುವ ವಿಧಾನ, ಅದು ಆಗದಿದ್ದರೆ ಯಂತ್ರ. 2022ರಲ್ಲಿ ಆ ಷರತ್ತನ್ನೂ ತೆಗೆದು ರೋಗಿಯೇ ಆರಿಸಿಕೊಳ್ಳಲಿ ಅಂದರು. ಲೆಕ್ಕವನ್ನು ಮೇಜಿನ ಮೇಲೆ ಇಟ್ಟುಕೊಂಡೇ, ಲೆಕ್ಕಕ್ಕೆ ಸಿಗದ್ದನ್ನೂ ನೋಡಿದರು.

ಲೆಕ್ಕಕ್ಕೆ ಸಿಗದ್ದು ಇದೆ, ಅದನ್ನೂ ಹೇಳಬೇಕು. ಹುಟ್ಟಿನಿಂದ ನಡೆಯಲಾರದ ಹುಡುಗಿಯೊಬ್ಬಳಿಗೆ ನಿಮ್ಮ ಐದು ಪ್ರಶ್ನೆಯಲ್ಲಿ ಮೊದಲೇ ಅಂಕ ಕಡಿಮೆ. ಅವಳಿಗೆ ನ್ಯುಮೋನಿಯಾ ಬಂದು ಗುಣ ಮಾಡಿದರೂ ಸಿಗುವ ಕ್ವಾಲಿ ಕಡಿಮೆ. ಅವಳ ವರ್ಷ ಯಾಕೆ ಕಡಿಮೆ ವರ್ಷ? ಈ ತಕರಾರಿಗೇ ಅಮೆರಿಕದಲ್ಲಿ 2010ರ ಆರೋಗ್ಯ ಕಾಯ್ದೆ ಮಾಡುವಾಗ ಅಲ್ಲಿನ ಸರಕಾರಿ ವಿಮೆ ಕ್ವಾಲಿ ಮಿತಿ ಇಟ್ಟುಕೊಂಡು ಬೇಡ ಅನ್ನಬಾರದು ಅಂತ ಬರೆದರು. ಇಂಗ್ಲೆಂಡಿನವರು 2022ರಲ್ಲಿ ಕಾಯಿಲೆ ತೀವ್ರ ಇದ್ದಷ್ಟೂ ಲಾಭಕ್ಕೆ ಹೆಚ್ಚು ತೂಕ ಅಂತ ತಿದ್ದಿಕೊಂಡರು. ಇನ್ನು ಆ 16 ಕೋಟಿಯ ಇಂಜೆಕ್ಷನ್, ಎಳೆ ಮಕ್ಕಳ ಸ್ನಾಯು ಸೊರಗುವ ಕಾಯಿಲೆಗೆ. ಮೊಬೈಲಿನಲ್ಲಿ ಮಗುವಿನ ಫೋಟೋ ಬಂದಾಗ ನಾನೂ 500 ರೂಪಾಯಿ ಕಳಿಸಿದೆ. ಅಪರೂಪದ ಕಾಯಿಲೆಗಳ ಕೇಂದ್ರ ನೀತಿಯಲ್ಲಿ 50 ಲಕ್ಷದವರೆಗೆ ಇದೆ, ಅದು ಎಲ್ಲಿಗೆ ಸಾಲುತ್ತದೆ. ಅದೇ 16 ಕೋಟಿಗೆ ನನ್ನ 20,000ದ ಲೆಕ್ಕದಲ್ಲಿ 8,000 ಜನರ ಪಾದ ನೋಡಬಹುದು ಅಂತ ಕ್ಯಾಲ್ಕುಲೇಟರ್ ಹೇಳುತ್ತದೆ. ಹೇಳಿದ್ದು ನಿಜ, ಆ ತಾಯಿಯ ಮುಖ ನೋಡಿ ಹೇಳಲು ನನಗೆ ಬಾಯಿ ಬರುವುದಿಲ್ಲ. ನಿಮಗೂ ಬರದು. ಆದರೆ ಔಷಧಿ ಕಂಪನಿಯ ಮುಖ ನೋಡಿ ಹೇಳಬಹುದಲ್ಲ? 2017ರ ಫೆಬ್ರವರಿಯಲ್ಲಿ ಔಷಧಿ ಲೇಪನದ ಹೃದಯದ ಸ್ಟೆಂಟಿಗೆ 29,600 ಅಂತ ಮಿತಿ ಹಾಕಿದರು, ಅದಕ್ಕೂ ಮೊದಲು ಅದನ್ನೇ ಲಕ್ಷದ ಮೇಲೆ ಮಾರುತ್ತಿದ್ದರು. ದೊಡ್ಡ ಗಿರಾಕಿ ಬಂದು ದರ ಕೇಳಿದರೆ ದರ ಇಳಿಯುತ್ತದೆ, ಇದು ಯಾವ ಮಾರುಕಟ್ಟೆಯಲ್ಲೂ ನಡೆಯುವ ಮಾತು.

ಈಗ ಮೊದಲು ಬಿಟ್ಟ ತಕರಾರಿಗೆ ಬರುತ್ತೇನೆ, ನೀವು ಯಾರು ಅನ್ನುವುದಕ್ಕೆ. ನಮ್ಮ ಪಟ್ಟಿಯಲ್ಲಿ ರೈತ ಏನು ಬೇಕಾದರೂ ಕೇಳಬಹುದು. ಹಮಾಲಿ ಯಾಕೆ ಇಷ್ಟು, ತೂಕ ಯಾಕೆ ಕಡಿಮೆ ಬಂತು, ನನ್ನ ಮಾಲಿಗಿಂತ ಪಕ್ಕದವನ ಮಾಲಿಗೆ ಯಾಕೆ ಜಾಸ್ತಿ. ಕೇಳುತ್ತಾನೆ, ಬೈಯುತ್ತಾನೆ, ನಾವು ಹೇಳಲೇಬೇಕು. ದರ ಯಾಕೆ ಬಿತ್ತು ಅನ್ನುವುದು ರೈತನಿಗೆ ಸಮಾಧಾನ ಆಗದಿದ್ದರೆ ಏನಾಗುತ್ತದೆ ಅಂತ 2024ರ ಮಾರ್ಚ್‌ನಲ್ಲಿ ಬ್ಯಾಡಗಿಯಲ್ಲಿ ಎಲ್ಲರೂ ನೋಡಿದ್ದಾರೆ, ಸಿಟ್ಟಿಗೆದ್ದ ರೈತರು ಮಾರುಕಟ್ಟೆಯಲ್ಲಿ ಬೆಂಕಿ ಇಟ್ಟದ್ದು ತಪ್ಪೇ, ನಾನು ಸರಿ ಅನ್ನುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಯಾವ ಚಿಕಿತ್ಸೆ ಯಾಕೆ ಒಳಗೆ ಬಂತು, ಯಾವುದು ಯಾಕೆ ಹೊರಗೆ ಉಳಿಯಿತು ಅಂತ ಕನ್ನಡದಲ್ಲಿ ಎಲ್ಲಿ ಓದಬೇಕು? ಇಂಗ್ಲೆಂಡಿನ ನೈಸ್ ತನ್ನ ನಿರ್ಧಾರದ ಕಾರಣಗಳನ್ನು ಪ್ರಕಟಿಸುತ್ತದೆ, ಕರಡಿಗೆ ಜನ ಅಭಿಪ್ರಾಯ ಹೇಳಬಹುದು, ಸಮಿತಿಯಲ್ಲಿ ಡಾಕ್ಟರ್ ಅಲ್ಲದ ಸಾಮಾನ್ಯರೂ ಕೂರುತ್ತಾರೆ. ನಿಮ್ಮ ಮೇಜಿನ ಸುತ್ತ ಒಂದು ಕುರ್ಚಿ ನಮ್ಮ ಕಾಕಿಯಂಥವಳಿಗೆ ಇಡಿ. ಡ್ರೆಸ್ಸಿಂಗಿಗೆ ಹೋದ ದಿನ ಏನೇನು ಹೋಗುತ್ತದೆ ಅಂತ ಅವಳಿಗೆ ನಿಮ್ಮ ಎಲ್ಲ ಅರ್ಥಶಾಸ್ತ್ರಜ್ಞರಿಗಿಂತ ಚೆನ್ನಾಗಿ ಗೊತ್ತು. ಬೆಂಗಳೂರಿಗೆ ಬರುವ ಬಸ್ ಟಿಕೆಟ್ಟಿನ ಖರ್ಚೂ ನಿಮಗಿಲ್ಲ, ಆಧಾರ್ ಕಾರ್ಡ್ ತರುತ್ತಾಳೆ.

ಅಷ್ಟು ಮಾಡುವುದಕ್ಕೆ ಸಮಯ ಬೇಕು ಅಂದರೆ ಮೊದಲು ಒಂದು ಕೆಲಸ ಮಾಡಿ. ಯಾವುದೇ ಚಿಕಿತ್ಸೆಯ ಖರ್ಚು ಬರೆಯುವಾಗ ಸರಕಾರ ಕೊಟ್ಟದ್ದು ಒಂದು ಕಾಲಂ, ರೋಗಿಯ ಜೇಬಿನಿಂದ ಹೋದದ್ದು ಪಕ್ಕದಲ್ಲಿ ಇನ್ನೊಂದು ಕಾಲಂ. ದೇಶದ ಆರೋಗ್ಯ ಲೆಕ್ಕದಲ್ಲಿ 2021-22ರಲ್ಲಿ ಒಟ್ಟು ಖರ್ಚಿನ ಶೇಕಡ 39.4 ಜನ ಕೈಯಿಂದಲೇ ಕೊಟ್ಟದ್ದು. 2013-14ರಲ್ಲಿ ಅದು 64.2 ಇತ್ತು, ಇಳಿದಿದೆ, ಒಪ್ಪುತ್ತೇನೆ. ನಮ್ಮ 41,560 ಕೂಡ ಅದೇ ಜಾತಿಯ ಖರ್ಚು. ಎರಡನೇ ಕಾಲಂ ಖಾಲಿ ಬಿಟ್ಟು ಮೊದಲನೇ ಕಾಲಂ ಮಾತ್ರ ಕೂಡಿಸಿದರೆ ಕಾಲು ಕತ್ತರಿಸುವುದು ಅಗ್ಗವಾಗಿಯೇ ಕಾಣುತ್ತದೆ, ಒಂದು ಸಲ ಕೊಟ್ಟರೆ ಮುಗಿಯಿತು.

ಕಾಕಾ ಈಗ ಕೃತಕ ಕಾಲು ಹಾಕಿಕೊಂಡು ಕಟ್ಟೆಯ ತನಕ ಬರುತ್ತಾನೆ. ಹೊಲಕ್ಕೆ ಹೋಗುವುದಿಲ್ಲ, ಎರೆ ಮಣ್ಣು ಹಸಿಯಾದರೆ ಎರಡು ಕಾಲಿದ್ದವನಿಗೇ ಕಷ್ಟ. ಪೂರ್ತಿ ಭಾರ ಈಗ ಉಳಿದ ಬಲಗಾಲಿನ ಮೇಲೆ. ಹೋದ ವಾರ ಕಾಕಿ ಫೋನ್ ಮಾಡಿದ್ದಳು, "ಹಿಮ್ಮಡ್ಯಾಗ ಒಂದು ಬಿರುಕು ಬಿಟ್ಟೈತಿ ತಮ್ಮಾ, ಸಣ್ಣದು, ಕಡ್ಲಿಕಾಳಿನಷ್ಟು. ಅವರಿಗೆ ನೋವಿಲ್ಲಂತ." ನೋವಿಲ್ಲ ಅನ್ನುವುದು ಕೇಳಿಯೇ ನನಗೆ ಹೆದರಿಕೆಯಾಯಿತು. ಸೋಮವಾರ ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಬರಲು ಹೇಳಿದ್ದೇನೆ. ದಾಖಲು ಮಾಡಿಕೊಳ್ಳುವಂಥದ್ದು ಏನಿಲ್ಲ, ತೋರಿಸಿಕೊಂಡು ಹೋಗುವುದು. ಹೊಸ ಹಾಳೆಯಲ್ಲಿ ತಾರೀಖು ಬರೆದು ಇಟ್ಟಿದ್ದೇನೆ, ಎರಡೂ ಕಾಲಂ ಗೆರೆ ಎಳೆದು.

ಇಂತಿ,
ಅಮರಗೋಳ ಎಪಿಎಂಸಿಯ ಒಬ್ಬ ಗುಮಾಸ್ತ
ಹುಬ್ಬಳ್ಳಿ